ಸ್ಮರಣೆಯ ಪದ್ಯವನ್ನು ಬಿಡಿಸಿ ನೋಡುವುದು ಹೇಗೆ? ಲಯ, ಪ್ರಾಸ, ರೂಪ: ಹಂತ ಹಂತವಾಗಿ

ನಮ್ಮ ಕಡೆ ಊರೂರಲ್ಲೂ ಒಂದಲ್ಲ ಒಂದು ಸ್ಮರಣೆಯ ಪದ್ಯ ಸಿಗುತ್ತದೆ. ಶಾಲೆಯ ಗೋಡೆಗೆ ಕೂರಿಸಿದ ಕಲ್ಲಿನ ಮೇಲೆ, ಸರ್ಕಲ್ಲಿನ ಪ್ರತಿಮೆಯ ಕೆಳಗೆ, ಪುಣ್ಯತಿಥಿಯ ಕಾರ್ಡಿನಲ್ಲಿ, ಶತಮಾನೋತ್ಸವದ ಸ್ಮರಣ ಸಂಚಿಕೆಯ ಮೊದಲ ಪುಟದಲ್ಲಿ. ಜನ ಅದನ್ನು ಒಮ್ಮೆ ಓದುತ್ತಾರೆ, ಕೈಮುಗಿಯುತ್ತಾರೆ, ಮುಂದೆ ಹೋಗುತ್ತಾರೆ. ಅದನ್ನು ಪದ್ಯ ಅಂತ ನೋಡುವವರು ಕಡಿಮೆ. ಗೌರಿಬಿದನೂರು ಕಡೆ ಬಹಳ ವರ್ಷ ಮಕ್ಕಳಿಗೆ ಛಂದಸ್ಸು ಹೇಳಿಕೊಟ್ಟವನು ನಾನು. ಇಂಥ ಪದ್ಯಗಳಲ್ಲಿ ಎಷ್ಟು ಕೆಲಸ ಅಡಗಿರುತ್ತದೆ ಅಂತ ನನಗೆ ನಿಧಾನವಾಗಿ ಗೊತ್ತಾಯಿತು. ಹಾಗೆ ಗೊತ್ತಾದದ್ದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಸ್ಮರಣೆಯ ಪದ್ಯಕ್ಕೆ ಬೇರೆ ಪದ್ಯಕ್ಕಿಲ್ಲದ ಒಂದು ಕಷ್ಟ ಇದೆ. ಪ್ರೀತಿಯ ಮೇಲೋ ಮಳೆಯ ಮೇಲೋ ಬರೆಯುವ ಕವಿ ಒಂದು ಪದ ಕೂರದಿದ್ದರೆ ಇನ್ನೊಂದನ್ನು ಹಾಕಿಕೊಳ್ಳಬಹುದು. ಸ್ಮರಣೆಯ ಪದ್ಯದಲ್ಲಿ ಹೆಸರು ಇರಲೇಬೇಕು, ಅದನ್ನು ಬದಲಾಯಿಸುವ ಹಾಗಿಲ್ಲ. ಅಪ್ಪ ಅಮ್ಮ ಇಟ್ಟ ಹೆಸರು ಯಾವ ಗಣಕ್ಕೂ ಅಳತೆ ಕೊಟ್ಟು ಇಟ್ಟದ್ದಲ್ಲ. (ಗಣ ಅಂದರೆ ಲಯಕ್ಕೆ ತಕ್ಕಂತೆ ಸಾಲನ್ನು ಕತ್ತರಿಸಿದ ಒಂದು ತುಂಡು.) ಹಾಗಾಗಿ ಪದ್ಯದ ಲಯವನ್ನು ಎಷ್ಟೋ ಸಲ ಹೆಸರೇ ತೀರ್ಮಾನ ಮಾಡುತ್ತದೆ. ಹೆಸರು ಎಲ್ಲಿ ಕೂತಿದೆ, ಹೇಗೆ ಕೂತಿದೆ ಅಂತ ನೋಡಿದರೆ ಅರ್ಧ ಪದ್ಯ ಕೈಗೆ ಸಿಕ್ಕಂತೆ.

ನಾವು ಬಿಡಿಸುವ ಪದ್ಯ

ಮಾತು ಗಾಳಿಯಲ್ಲಿ ತೇಲಬಾರದು, ಕೈಯಲ್ಲೊಂದು ಪದ್ಯ ಇರಬೇಕು. ಈ ಬರಹಕ್ಕೋಸ್ಕರ ವಿದುರಾಶ್ವತ್ಥದ ಮೇಲೆ ಒಂದು ಪದ್ಯ ಕಟ್ಟಿದ್ದೇನೆ. ವಿದುರಾಶ್ವತ್ಥ ಇರುವುದು ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನಲ್ಲಿ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಅಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಈಗ ಅಲ್ಲಿ ಸ್ಮಾರಕವಿದೆ. ವಿದುರ ನೆಟ್ಟ ಅಶ್ವತ್ಥದಿಂದ ಆ ಹೆಸರು ಬಂತು ಅಂತ ಹೇಳುತ್ತಾರೆ.

ನಮ್ಮ ವಿದುರಾಶ್ವತ್ಥದಂಗಳ
ಸುಮ್ಮನಿದ್ದರು ಅರಳಿಯೆಲೆಗಳು
ಚಿಮ್ಮಿದಂದಿನ ನೆತ್ತರನು ನೆನೆನೆನೆದು ನಡುಗುತಿವೆ
ಒಮ್ಮೆ ಬಾವುಟವೇರಲೆನ್ನುತ
ತಮ್ಮ ಮನೆಗಳ ಮರೆತು ಬಂದರು
ನೆಮ್ಮದಿಯ ನಾವುಣುವ ತುತ್ತಲಿ ಅವರ ಪಾಲಿಹುದು

ಮೊದಲನೆಯ ಹೆಜ್ಜೆ: ಸರಿಯಾದ ಪಾಠ ಹಿಡಿಯಿರಿ

ಲೆಕ್ಕಕ್ಕೆ ಕೂರುವ ಮುಂಚೆ, ಕವಿ ಬರೆದದ್ದೇ ನಿಮ್ಮ ಮುಂದೆ ಇದೆಯಾ ಅಂತ ಖಾತ್ರಿ ಮಾಡಿಕೊಳ್ಳಿ. ಇದನ್ನು ನಾನು ಕಷ್ಟಪಟ್ಟು ಕಲಿತೆ. ಒಂದು ಸ್ಮರಣ ಸಂಚಿಕೆಯಲ್ಲಿ ಅಚ್ಚಾಗಿದ್ದ ಪದ್ಯವನ್ನು ಬಿಡಿಸುತ್ತಾ ಕೂತಿದ್ದೆ. ಎಲ್ಲ ಸಾಲೂ ಸರಿ ಬರುತ್ತಿತ್ತು, ಒಂದು ಸಾಲು ಮಾತ್ರ ಎರಡು ಮಾತ್ರೆ ಜಾಸ್ತಿ. (ಒಂದು ಹ್ರಸ್ವ ಅಕ್ಷರ ಹೇಳಲು ಹಿಡಿಯುವ ಕಾಲ ಒಂದು ಮಾತ್ರೆ.) ಕವಿ ಇಲ್ಲಿ ಬೇಕಂತಲೇ ಲಯ ಮುರಿದಿದ್ದಾರೆ, ದುಃಖ ಉಕ್ಕಿ ಬಂದದ್ದಕ್ಕೆ ಹೀಗಾಗಿದೆ ಅಂತ ಅರ್ಧ ಪುಟ ಬರೆದೂಬಿಟ್ಟೆ. ಆಮೇಲೆ ಕೈಬರಹದ ಪ್ರತಿ ಸಿಕ್ಕಿತು. ಕವಿ ಬರೆದದ್ದು ‘ನೆನಪಲಿ’. ಕರಡು ತಿದ್ದಿದವರು ಅದನ್ನು ತಪ್ಪು ಅಂದುಕೊಂಡು ‘ನೆನಪಿನಲ್ಲಿ’ ಮಾಡಿದ್ದರು. ನಾಲ್ಕು ಮಾತ್ರೆಯ ಪದ ಆರು ಮಾತ್ರೆ ಆಗಿತ್ತು. ಆ ಅರ್ಧ ಪುಟ ಹರಿದು ಹಾಕಿದೆ.

ಕಲ್ಲಿನ ಮೇಲಿನ ಪದ್ಯವಾದರೆ ಬೆಳಿಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ಹೋಗಿ. ಆಗ ಕೆತ್ತಿದ ಅಕ್ಷರದಲ್ಲಿ ನೆರಳು ನಿಲ್ಲುತ್ತದೆ, ಫೋಟೊದಲ್ಲಿ ದೀರ್ಘದ ಕೊಂಬು, ಒತ್ತು, ಸೊನ್ನೆ ಎಲ್ಲ ಕಾಣುತ್ತವೆ. ಮಾತ್ರೆಯನ್ನು ಹೆಚ್ಚು ಕಡಿಮೆ ಮಾಡುವುದು ಮುಖ್ಯವಾಗಿ ಈ ಮೂರೇ. ಕಲ್ಲಿನಲ್ಲಿ ಸಾಲು ಮುಗಿಯುವ ಕಡೆ ಪದ್ಯದ ಪಾದವೂ ಮುಗಿಯುತ್ತದೆ ಅಂತ ನಂಬಬೇಡಿ. ಕಲ್ಲಿನ ಅಗಲಕ್ಕೆ ತಕ್ಕ ಹಾಗೆ ಕೆತ್ತುವವರು ಮುರಿದಿರುತ್ತಾರೆ. ಹಳೆಯ ಶಾಸನಗಳಲ್ಲಂತೂ ಪದ್ಯವನ್ನೂ ಗದ್ಯದ ಹಾಗೆ ಒಂದೇ ಓಟದಲ್ಲಿ ಕೆತ್ತಿರುವುದು ಸಾಮಾನ್ಯ.

ಎರಡನೆಯ ಹೆಜ್ಜೆ: ಮೊದಲು ಕಿವಿ, ಆಮೇಲೆ ಪೆನ್ಸಿಲ್

ಪದ್ಯವನ್ನು ಮೂರು ಸಲ ಗಟ್ಟಿಯಾಗಿ ಓದಿ. ಮನಸ್ಸಿನಲ್ಲಿ ಓದಿದರೆ ಆಗುವುದಿಲ್ಲ. ಮೊದಲನೆಯ ಸಲ ಅರ್ಥಕ್ಕೆ. ಎರಡನೆಯ ಸಲ ಬೆರಳಿನಿಂದ ಮೇಜು ತಟ್ಟುತ್ತಾ. ಮೂರನೆಯ ಸಲ ಅರ್ಥ ಮರೆತು, ಬರೀ ತಟ್ಟು ಕೇಳುತ್ತಾ. ನಮ್ಮ ಪದ್ಯವನ್ನು ಹಾಗೆ ಓದಿದರೆ ‘ನಮ್ಮ / ವಿದುರಾ / ಶ್ವತ್ಥ / ದಂಗಳ’ ಅಂತ ಬೀಳುತ್ತದೆ. ಒಂದು ಗಿಡ್ಡ ಹೆಜ್ಜೆ, ಒಂದು ಉದ್ದ ಹೆಜ್ಜೆ, ಮತ್ತೆ ಗಿಡ್ಡ, ಮತ್ತೆ ಉದ್ದ. ತಕಿಟ ತಕಧಿಮಿ, ತಕಿಟ ತಕಧಿಮಿ. ಗಮಕಿಗಳು ಕುಮಾರವ್ಯಾಸನನ್ನು ವಾಚಿಸುವುದನ್ನು ಕೇಳಿದವರಿಗೆ ಈ ನಡಿಗೆಯ ಗುರುತು ತಕ್ಷಣ ಸಿಗುತ್ತದೆ.

ಕಿವಿಗೆ ಏನೂ ಸಿಗಲಿಲ್ಲ ಅಂದರೆ ಗಾಬರಿ ಬೇಡ. ಒಂದೋ ಅದು ಅಕ್ಷರ ಎಣಿಸುವ ವೃತ್ತ, ಅಥವಾ ಛಂದಸ್ಸನ್ನು ಬಿಟ್ಟ ಹೊಸ ಪದ್ಯ. ಎರಡನ್ನೂ ನೋಡುವ ದಾರಿ ಮುಂದೆ ಇದೆ.

ಮೂರನೆಯ ಹೆಜ್ಜೆ: ಗುರು ಲಘು ಹಾಕುವುದು

ಲಘು ಅಂದರೆ ಒಂದು ಮಾತ್ರೆ, ಗುರು ಅಂದರೆ ಎರಡು. ಪುಸ್ತಕದಲ್ಲಿ ಲಘುವಿಗೆ ಬಟ್ಟಲಿನ ಹಾಗೆ ಬಾಗಿದ ಗೀಟು, ಗುರುವಿಗೆ ಅಡ್ಡಗೆರೆ ಹಾಕುತ್ತಾರೆ. ಇಲ್ಲಿ ಸುಲಭಕ್ಕೆ 1 ಮತ್ತು 2 ಅಂತ ಬರೆಯುತ್ತೇನೆ.

ದೀರ್ಘ ಸ್ವರ ಇದ್ದರೆ ಗುರು. ಐ, ಔ ಗುರು. ಪಕ್ಕದಲ್ಲಿ ಸೊನ್ನೆ ಅಥವಾ ವಿಸರ್ಗ ಇದ್ದರೆ ಗುರು. ಒತ್ತಕ್ಷರದ ಹಿಂದಿನ ಅಕ್ಷರ ಗುರು. ವ್ಯಂಜನದಲ್ಲಿ ನಿಲ್ಲುವ ಅಕ್ಷರವೂ ಗುರು. ‘ಬಸ್’ ಅನ್ನುವುದು ಒಂದೇ ಗುರು. ಉಳಿದದ್ದೆಲ್ಲ ಲಘು. ಇದಿಷ್ಟು ಹೈಸ್ಕೂಲಿನಲ್ಲೇ ಕಲಿತಿರುತ್ತೇವೆ. ಜನ ಎಡವುವ ಜಾಗ ಬೇರೆ.

ಒಂದು, ‘ಅಮೃತ’. ‘ಮೃ’ ನೋಡುವುದಕ್ಕೆ ಒತ್ತಕ್ಷರದ ಹಾಗೆ ಕಾಣುತ್ತದೆ. ಆದರೆ ಅದು ಮ ಮತ್ತು ಋ, ಅಂದರೆ ವ್ಯಂಜನಕ್ಕೆ ಸ್ವರ ಸೇರಿದ್ದು. ಆದ್ದರಿಂದ ‘ಅ’ ಲಘು. ಅಮೃತ 1 1 1. ‘ಹುತಾತ್ಮ’ದಲ್ಲಿ ‘ತಾ’ ದೀರ್ಘವೂ ಹೌದು, ಮುಂದೆ ಒತ್ತೂ ಇದೆ. ಹಾಗಂತ ಮೂರು ಮಾತ್ರೆ ಆಗುವುದಿಲ್ಲ, ಎರಡೇ.

ಇನ್ನೊಂದು, ಅರ್ಕಾವತ್ತು. ‘ಧರ್ಮ’ ಬರೆಯುವಾಗ ರಕಾರದ ಗುರುತು ಕೊನೆಗೆ ಬರುತ್ತದೆ. ಉಚ್ಚಾರದಲ್ಲಿ ಅದು ‘ಮ’ಗಿಂತ ಮುಂಚೆ. ಗುರುವಾಗುವುದು ‘ಧ’. ಬರೆದ ಆಕಾರ ನೋಡಿ ಗುರು ಹಾಕಬೇಡಿ, ಬಾಯಿ ಹೇಳಿದ ಹಾಗೆ ಹಾಕಿ.

ಮತ್ತೊಂದು ಸ್ವಲ್ಪ ಸೂಕ್ಷ್ಮದ್ದು. ಒಂದು ಪದ ಮುಗಿದು ಮುಂದಿನ ಪದ ಒತ್ತಕ್ಷರದಿಂದ ಶುರುವಾದರೆ ಏನು ಮಾಡಬೇಕು? ‘ನಿನ್ನ ಪ್ರೀತಿ’ ಅನ್ನುವಲ್ಲಿ ‘ನ್ನ’ ಗುರುವಾ? ಸಂಸ್ಕೃತದ ಲೆಕ್ಕದಲ್ಲಿ ಗುರು. ಕನ್ನಡದಲ್ಲಿ ಎರಡು ಪದದ ನಡುವೆ ಉಸಿರು ಬಿಡುತ್ತೇವೆ, ಹಾಗಾಗಿ ಎಷ್ಟೋ ಕಡೆ ಅದು ಲಘುವಾಗಿಯೇ ನಿಲ್ಲುತ್ತದೆ. ಒಂದೇ ಸಮಾಸವಾಗಿದ್ದರೆ ಗುರು ಹಾಕಿ. ಬೇರೆ ಬೇರೆ ಪದವಾಗಿದ್ದರೆ ಎರಡೂ ಹಾಕಿ ನೋಡಿ, ಗಣಕ್ಕೆ ಯಾವುದು ಕೂರುತ್ತದೋ ಅದನ್ನು ಇಟ್ಟುಕೊಳ್ಳಿ. ಕವಿ ಇಡೀ ಪದ್ಯದಲ್ಲಿ ಒಂದೇ ರೀತಿ ನಡೆದುಕೊಂಡಿದ್ದಾರಾ ಅಂತಲೂ ಗಮನಿಸಿ.

ನಮ್ಮ ಪದ್ಯದ ಮೊದಲ ಸಾಲು:

ನಮ್ಮ | ವಿದುರಾ | ಶ್ವತ್ಥ | ದಂಗಳ
2 1 | 1 1 2 | 2 1 | 2 1 1

ಮೂರು, ನಾಲ್ಕು, ಮೂರು, ನಾಲ್ಕು. ಒಟ್ಟು 14 ಮಾತ್ರೆ. ಎರಡನೆಯ ಸಾಲು:

ಸುಮ್ಮ | ನಿದ್ದರು | ಅರಳಿ | ಯೆಲೆಗಳು
2 1 | 2 1 1 | 1 1 1 | 1 1 1 1

ಮತ್ತೆ 14. ಮೂರನೆಯದು ಉದ್ದ:

ಚಿಮ್ಮಿ | ದಂದಿನ | ನೆತ್ತ | ರನು ನೆನೆ | ನೆನೆದು | ನಡುಗುತಿ | ವೆ
2 1 | 2 1 1 | 2 1 | 1 1 1 1 | 1 1 1 | 1 1 1 1 | 2

ಕೊನೆಯ ‘ವೆ’ ಹ್ರಸ್ವ. ಆದರೂ ಎರಡು ಮಾತ್ರೆ ಹಾಕಿದ್ದೇನೆ. ನಮ್ಮ ಪದ್ಯ ಆರು ಪಾದದ ಷಟ್ಪದಿ. ಷಟ್ಪದಿಯ ಮೂರನೆಯ ಮತ್ತು ಆರನೆಯ ಪಾದದ ಕೊನೆಯ ಅಕ್ಷರ ಯಾವುದೇ ಇರಲಿ, ಅದನ್ನು ಗುರು ಅಂತಲೇ ಎಣಿಸಬೇಕು. ಅಲ್ಲಿ ದನಿ ಎಳೆಯುತ್ತೇವಲ್ವಾ, ಆ ಎಳೆತಕ್ಕೆ ಕೊಟ್ಟ ಲೆಕ್ಕ ಅದು. ಒಟ್ಟು 23 ಮಾತ್ರೆ. ಉಳಿದ ಮೂರು ಸಾಲನ್ನು ನೀವೇ ಹಾಕಿ ನೋಡಿ. 14, 14, 23 ಬರಬೇಕು. ಬರದಿದ್ದರೆ ಆರನೆಯ ಸಾಲಿನ ‘ದಿಯ ನಾ’ ಹತ್ತಿರ ಮತ್ತೊಮ್ಮೆ ನೋಡಿ. ಅಲ್ಲಿ ಎರಡು ಪದ ಸೇರಿ ಒಂದು ಗಣ ಆಗಿದೆ.

ನಾಲ್ಕನೆಯ ಹೆಜ್ಜೆ: ಯಾವ ಜಾತಿಯ ಲಯ?

ಕನ್ನಡದಲ್ಲಿ ಲಯ ಅಳೆಯುವ ಕೋಲು ಮೂರು: ಅಕ್ಷರಗಣ, ಮಾತ್ರಾಗಣ, ಅಂಶಗಣ. ಯಾವ ಕೋಲು ಹಿಡಿಯಬೇಕು ಅಂತ ತಿಳಿಯದೆ ಅಳೆದರೆ ಸುಮ್ನೆ ತಲೆನೋವು.

ಪ್ರತಿ ಸಾಲಿನಲ್ಲೂ ಅಕ್ಷರಗಳ ಸಂಖ್ಯೆ ಒಂದೇ ಇದ್ದು, ಗುರು ಲಘುಗಳೂ ಒಂದರ ಕೆಳಗೊಂದು ಅದೇ ಜಾಗದಲ್ಲಿ ಕೂತಿದ್ದರೆ ಅದು ಅಕ್ಷರವೃತ್ತ. ಹಳೆಯ ಶಾಸನಗಳಲ್ಲಿ ರಾಜನನ್ನೋ ವೀರನನ್ನೋ ಹೊಗಳುವಾಗ ಇವು ಬರುತ್ತವೆ. ಉತ್ಪಲಮಾಲೆಗೆ ಸಾಲಿಗೆ 20 ಅಕ್ಷರ, ಚಂಪಕಮಾಲೆಗೆ 21, ಶಾರ್ದೂಲವಿಕ್ರೀಡಿತಕ್ಕೆ 19. ಮೂರು ಮೂರು ಅಕ್ಷರ ಕತ್ತರಿಸಿ ‘ಯಮಾತಾರಾಜಭಾನಸಲಗಂ’ ಸೂತ್ರ ಹಿಡಿದರೆ ಗಣದ ಹೆಸರು ಸಿಗುತ್ತದೆ.

ಅಕ್ಷರದ ಸಂಖ್ಯೆ ಸಾಲಿನಿಂದ ಸಾಲಿಗೆ ಬೇರೆಯಾಗಿದ್ದು ಮಾತ್ರೆಯ ಮೊತ್ತ ಸರಿಯಾಗಿ ಬಂದರೆ ಮಾತ್ರಾಗಣ. ಇಲ್ಲಿ ಮೂರರಿಂದ ಕತ್ತರಿಸಿ ನೋಡಿ, ಆಗದಿದ್ದರೆ ನಾಲ್ಕರಿಂದ, ಆಮೇಲೆ ಐದರಿಂದ, ಆಮೇಲೆ ಮೂರು ನಾಲ್ಕು ಜೋಡಿಯಿಂದ. ಕತ್ತರಿ ಒಂದು ಗುರುವಿನ ನಡುವೆ ಬಿದ್ದರೆ ಆ ಅಳತೆ ತಪ್ಪು, ಬೇರೆಯದು ಹಿಡಿಯಿರಿ. ಇನ್ನೊಂದು ಪರೀಕ್ಷೆಯೂ ಇದೆ. ಮಾತ್ರಾಗಣದಲ್ಲಿ ಗಣ ಲಘು ಮತ್ತು ಗುರು ಈ ಕ್ರಮದಲ್ಲಿ ಶುರುವಾಗಬಾರದು. ‘ದಿನಾ’ ಅನ್ನುವ ಹಾಗೆ 1 2 ಬಂದರೆ ನಡಿಗೆ ಕುಂಟುತ್ತದೆ. ಇದಕ್ಕೆ ಲಗಾದಿ ಅಂತಾರೆ. ಎಲ್ಲ ಗಣವೂ ಲೆಕ್ಕಕ್ಕೆ ಸರಿ ಬಂದು ಲಗಾದಿ ಮಾತ್ರ ಮತ್ತೆ ಮತ್ತೆ ಕಂಡರೆ ನೀವು ಕತ್ತರಿಸಿದ ಜಾಗವೇ ತಪ್ಪಿರಬಹುದು. ಕಂದಪದ್ಯ ಮಾತ್ರ ಇದಕ್ಕೆ ಹೊರತು. ಅದರಲ್ಲಿ ನಾಲ್ಕು ಸಾಲು, 12, 20, 12, 20 ಮಾತ್ರೆ, ಒಟ್ಟು 64. ಎರಡನೆಯ ಮತ್ತು ನಾಲ್ಕನೆಯ ಸಾಲಿನ ನಡುವಿನ ಗಣ 1 2 1 ಆಗಿರಬೇಕು, ಇಲ್ಲವೇ ನಾಲ್ಕೂ ಲಘು ಆಗಿರಬೇಕು.

ಮಾತ್ರೆಯೂ ಸರಿ ಬರುತ್ತಿಲ್ಲ, ಅಕ್ಷರವೂ ಸರಿ ಬರುತ್ತಿಲ್ಲ, ಆದರೆ ಹಾಡಿದರೆ ಚೆನ್ನಾಗಿ ಕೂರುತ್ತದೆ ಅಂದರೆ ಅಂಶಗಣ. ತ್ರಿಪದಿ ಮತ್ತು ಸಾಂಗತ್ಯದ ಮೂಲ ಲಯ ಇದು. ಬೀಸುಕಲ್ಲಿನ ಮುಂದೆ ಹುಟ್ಟಿದ ಎಷ್ಟೋ ಪದ ತ್ರಿಪದಿಯೇ. ಇಲ್ಲಿ ಗಣಗಳು ಬ್ರಹ್ಮ, ವಿಷ್ಣು, ರುದ್ರ. ಇವು ಕ್ರಮವಾಗಿ ಎರಡು, ಮೂರು, ನಾಲ್ಕು ಅಂಶದವು. ಅಂಶ ಅಂದರೆ ಹಾಡುವಾಗ ಎಳೆಯಲೂ ಕುಗ್ಗಿಸಲೂ ಬರುವ ತುಂಡು. ತ್ರಿಪದಿಯಲ್ಲಿ ಒಟ್ಟು 11 ಗಣ, ಅದರಲ್ಲಿ ಆರನೆಯದು ಮತ್ತು ಹತ್ತನೆಯದು ಬ್ರಹ್ಮ, ಉಳಿದವು ವಿಷ್ಣು. ಕನ್ನಡದಲ್ಲಿ ಒಬ್ಬ ವೀರನನ್ನು ನೆನೆದು ಕಲ್ಲಿನಲ್ಲಿ ಕೆತ್ತಿದ ಬಹಳ ಹಳೆಯ ಪದ್ಯಗಳು ಸಿಗುವುದು ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಅವು ತ್ರಿಪದಿಗಳು. ಅದರ ಪ್ರಸಿದ್ಧ ಪದ್ಯದ ಮೂರು ಸಾಲು ‘ಸಾಧು’, ‘ಬಾಧಿ’, ‘ಮಾಧ’ ಅಂತ ಶುರುವಾಗುತ್ತವೆ. ಎರಡನೆಯ ಅಕ್ಷರ ನೋಡಿ, ಮೂರರಲ್ಲೂ ‘ಧ’. ಸಾವಿರದ ಮುನ್ನೂರು ವರ್ಷದ ಹಿಂದಿನ ಈ ಕಟ್ಟು ಈಗಲೂ ನಮ್ಮ ಕೈಯಲ್ಲಿದೆ ಅನ್ನುವುದು ನನಗೆ ಪ್ರತಿ ಸಲವೂ ಬೆರಗು ಹುಟ್ಟಿಸುತ್ತದೆ.

ಐದನೆಯ ಹೆಜ್ಜೆ: ಹೆಸರು ಎಲ್ಲಿ ಕೂತಿದೆ?

ಇದನ್ನು ಅವಸರದಲ್ಲಿ ದಾಟಬೇಡಿ.

2019ರ ಜನವರಿ 21ರಂದು ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾದರು. ಆಗ ನುಡಿನಮನದ ಪದ್ಯಗಳನ್ನು ಓದುತ್ತಾ ಒಂದು ವಿಷಯ ನನ್ನ ಕಿವಿಗೆ ಬಿತ್ತು. ಆ ಹೆಸರನ್ನೇ ಸುಮ್ನೆ ಹೇಳಿ ನೋಡಿ:

ಸಿದ್ಧ | ಗಂಗೆಯ | ಶಿವಕು | ಮಾರರ
2 1 | 2 1 1 | 1 1 1 | 2 1 1

ಮೂರು, ನಾಲ್ಕು, ಮೂರು, ನಾಲ್ಕು. ಊರಿನ ಹೆಸರು ಮತ್ತು ಸ್ವಾಮೀಜಿಯವರ ಹೆಸರು ಸೇರಿ ಭಾಮಿನಿಯ, ಅಂದರೆ ನಮ್ಮ ಪದ್ಯದ್ದೇ ಆದ ಮೂರು ನಾಲ್ಕರ ಷಟ್ಪದಿಯ, ಒಂದು ಪೂರ್ತಿ ಸಾಲು! ಒಂದು ಅಕ್ಷರವನ್ನೂ ತುಂಬಬೇಕಿಲ್ಲ, ಕಡಿಯಬೇಕಿಲ್ಲ. ಅವರ ಮೇಲೆ ಪದ್ಯ ಬರೆಯಲು ಕೂತವರು ಗೊತ್ತಿಲ್ಲದೆಯೇ ಈ ನಡಿಗೆಗೆ ಬಿದ್ದರೆ ಆಶ್ಚರ್ಯವಿಲ್ಲ. ಹೆಸರೇ ದಾರಿ ತೋರಿಸಿರುತ್ತದೆ.

ಈಗ ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಗೆ ಬನ್ನಿ. ವಿಶ್ವೇಶ್ವರಯ್ಯ ಅನ್ನುವ ಹೆಸರು 2 2 1 2 1, ಒಟ್ಟು ಎಂಟು. ಭಾಮಿನಿಯ ಸಾಲಿನ ಮೊದಲಲ್ಲಿ ಇಡಲು ಹೋದರೆ ಮೂರನೆಯ ಮಾತ್ರೆ ‘ಶ್ವೇ’ ನಡುವೆ ಬೀಳುತ್ತದೆ. ಆಗಲಿಲ್ಲ. ಸ್ವಲ್ಪ ಜರುಗಿಸಿ ನಾಲ್ಕರ ಗಣದಿಂದ ಶುರು ಮಾಡಿದರೆ ‘ವಿಶ್ವೇ’ ಸರಿ, ಆದರೆ ಮುಂದಿನ ಗಣ ‘ಶ್ವರ’ 1 2 ಆಗುತ್ತದೆ. ಲಗಾದಿ, ಕುಂಟಿತು. ಬರೀ ನಾಲ್ಕರ ಲಯದಲ್ಲಿ ‘ವಿಶ್ವೇ’ ಆದ ಮೇಲೆ ‘ಶ್ವರಯ್ಯ’ 1 2 1. ಅಲ್ಲೂ ಅದೇ ಕಷ್ಟ. ಐದರಿಂದ ಕತ್ತರಿಸಿ ನೋಡಿ:

ಮುದ್ದೇನ | ಹಳ್ಳಿಯಲಿ | ವಿಶ್ವೇಶ್ವ | ರಯ್ಯ ಮನೆ
2 2 1 | 2 1 1 1 | 2 2 1 | 2 1 1 1

ಎಷ್ಟು ನಿರಾಳವಾಗಿ ಕೂತಿತು ನೋಡಿ. ಊರ ಹೆಸರೂ ಐದರ ಗಣದಿಂದ ಶುರುವಾಗುತ್ತದೆ, ಅವರ ಹೆಸರೂ ಹಾಗೇ. ಆ ಹೆಸರು ಐದು ಮಾತ್ರೆಯ ನಡೆಯನ್ನೇ ಕೇಳುತ್ತದೆ. ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ.ಯವರ ಕಗ್ಗದ ಚೌಪದಿಗಳು ಇದೇ ಐದರ ನಡೆಯವು. ಅವು ಬಾಯಿಪಾಠ ಇದ್ದವರಿಗೆ ಈ ಲಯ ಹಿಡಿಯುವುದು ಬಹಳ ಸುಲಭ.

ಹಾಗಾಗಿ ಪದ್ಯ ಬಿಡಿಸುವಾಗ ಹೆಸರನ್ನು ಮೊದಲೇ ಪ್ರತ್ಯೇಕವಾಗಿ ಬರೆದು ಗುರು ಲಘು ಹಾಕಿ. ಆಮೇಲೆ ಕವಿ ಏನು ಮಾಡಿದ್ದಾರೆ ನೋಡಿ. ಹೆಸರಿಗೆ ತಕ್ಕ ಲಯ ಆರಿಸಿಕೊಂಡಿದ್ದಾರಾ? ಲಯಕ್ಕೋಸ್ಕರ ಹೆಸರನ್ನು ಚಿಕ್ಕದು ಮಾಡಿದ್ದಾರಾ, ‘ವಿಶ್ವೇಶ’ ಅನ್ನುವ ಹಾಗೆ? ಹೆಸರು ಬಿಟ್ಟು ‘ಗುರುವರ’, ‘ಧೀರ’ ಅಂತ ಬಿರುದಿನಿಂದ ಕರೆದಿದ್ದಾರಾ? ಅಥವಾ ಪದ್ಯದಲ್ಲಿ ಹೆಸರೇ ಹೇಳದೆ ಕೆಳಗೆ ಗದ್ಯದಲ್ಲಿ ಬರೆದಿದ್ದಾರಾ? ನನ್ನ ಮಟ್ಟಿಗೆ ಹೆಸರನ್ನು ಮುರಿದು ತುರುಕುವುದಕ್ಕಿಂತ ಲಯವನ್ನು ಬದಲಿಸುವುದೇ ಮೇಲು. ತೀರಿಹೋದವರ ಮನೆಯವರು ಆ ಹೆಸರನ್ನು ಹೇಗೆ ಕರೆಯುತ್ತಿದ್ದರೋ ಹಾಗೇ ಕೇಳಬೇಕು.

ನಮ್ಮ ಪದ್ಯದಲ್ಲಿ ವ್ಯಕ್ತಿಯ ಹೆಸರಿಲ್ಲ, ಊರಿನ ಹೆಸರಿದೆ. ವಿದುರಾಶ್ವತ್ಥ 1 1 2 2 1, ಒಟ್ಟು ಏಳು. ‘ವಿದುರಾ’ ನಾಲ್ಕು, ‘ಶ್ವತ್ಥ’ ಮೂರು. ಮೂರು ನಾಲ್ಕರ ನಡಿಗೆಯಲ್ಲಿ ಅದು ಸಾಲಿನ ಮೊದಲಿಗೆ ಬರಲಾರದು, ಎರಡನೆಯ ಗಣದಿಂದಲೇ ಶುರುವಾಗಬೇಕು. ಅದಕ್ಕೇ ಮುಂದೆ ಮೂರು ಮಾತ್ರೆಯ ಒಂದು ಪದ ಬೇಕಾಯಿತು, ‘ನಮ್ಮ’ ಬಂತು. ಆ ‘ನಮ್ಮ’ ಬಂದದ್ದರಿಂದ ಇಡೀ ಪದ್ಯದ ಪ್ರಾಸ ‘ಮ್ಮ’ ಆಯಿತು. ಒಂದು ಊರಿನ ಹೆಸರು ಆರು ಸಾಲಿನ ಮೊದಲ ಪದಗಳನ್ನು ತೀರ್ಮಾನಿಸಿತು.

ಇಸವಿಯದ್ದೂ ಇದೇ ಕತೆ. ‘ಮೂವತ್ತೆಂಟು’ 2 2 2 1, ನಾಲ್ಕು ಮತ್ತು ಮೂರು. ಅದೂ ಭಾಮಿನಿಯಲ್ಲಿ ಎರಡನೆಯ ಗಣದಿಂದಲೇ ಬರಬೇಕು. ಹಳೆಯ ಶಾಸನ ಕವಿಗಳು ಇದಕ್ಕೊಂದು ಉಪಾಯ ಮಾಡಿದ್ದರು. ಅಂಕಿಯ ಬದಲು ವಸ್ತುವಿನ ಹೆಸರು ಹೇಳುತ್ತಿದ್ದರು. ಚಂದ್ರ ಅಂದರೆ ಒಂದು, ಕಣ್ಣು ಅಂದರೆ ಎರಡು, ಬಾಣ ಅಂದರೆ ಐದು. ಕೊನೆಯ ಅಂಕಿಯಿಂದ ಶುರು ಮಾಡಿ ಹಿಂದಕ್ಕೆ ಓದಬೇಕು. ಒಂದೇ ಅಂಕಿಗೆ ಹತ್ತಾರು ಪದ ಇರುವುದರಿಂದ ಲಯಕ್ಕೆ ಕೂರುವುದನ್ನು ಆರಿಸಿಕೊಳ್ಳಬಹುದಿತ್ತು. ಶಾಸನ ಪದ್ಯದಲ್ಲಿ ಕಾರಣವಿಲ್ಲದೆ ಬಾಣ, ಚಂದ್ರ, ಸಮುದ್ರ ಸಾಲಾಗಿ ಬಂದರೆ ಅದು ವರ್ಣನೆಯಲ್ಲ, ಶಕವರ್ಷ ಇರಬಹುದು ಅಂತ ಅನುಮಾನಪಡಿ.

ಆರನೆಯ ಹೆಜ್ಜೆ: ಪ್ರಾಸ

ಪ್ರಾಸ ಅಂದ ಕೂಡಲೇ ಈಗಿನವರು ಸಾಲಿನ ಕೊನೆ ನೋಡುತ್ತಾರೆ. ಕನ್ನಡದ ಹಳೆಯ ಪ್ರಾಸ ಇರುವುದು ಸಾಲಿನ ಮೊದಲಲ್ಲಿ, ಎರಡನೆಯ ಅಕ್ಷರದಲ್ಲಿ. ಆದಿಪ್ರಾಸ ಅಂದರೆ ಅದೇ. ಸಾಲುಗಳ ಮೊದಲ ಪದಗಳನ್ನು ಒಂದರ ಕೆಳಗೊಂದು ಬರೆಯಿರಿ: ನಮ್ಮ, ಸುಮ್ಮ, ಚಿಮ್ಮಿ, ಒಮ್ಮೆ, ತಮ್ಮ, ನೆಮ್ಮ. ಎರಡನೆಯ ಅಕ್ಷರದ ವ್ಯಂಜನ ಆರರಲ್ಲೂ ಒಂದೇ. ಅದರ ಸ್ವರ ಬೇರೆ ಆಗಬಹುದು, ‘ಚಿಮ್ಮಿ’, ‘ಒಮ್ಮೆ’ ನೋಡಿ.

ಎರಡನೆಯ ಅಕ್ಷರ ಒಂದೇ ಆದರೆ ಸಾಲದು, ಅದರ ಹಿಂದಿನದೂ ಒಂದೇ ಜಾತಿ ಆಗಿರಬೇಕು. ಅದಕ್ಕೆ ಆರು ಪ್ರಾಣಿಗಳ ಹೆಸರಿಟ್ಟು ಹೇಳಿದ್ದಾರೆ. ಹಿಂದೆ ಹ್ರಸ್ವ ಇದ್ದು ಒತ್ತಿಲ್ಲದ ವ್ಯಂಜನ ಬಂದರೆ ಸಿಂಹ: ಮನ, ತನು, ಕನಸು. ಹಿಂದೆ ದೀರ್ಘ ಇದ್ದರೆ ಗಜ: ಊರು, ನೀರು, ಕೇರಿ. ಸೊನ್ನೆ ಇದ್ದರೆ ವೃಷಭ: ಬಂದು, ಇಂದು, ಕುಂದಿ. ವಿಸರ್ಗ ಇದ್ದರೆ ಅಜ, ಇದು ಬಹಳ ಅಪರೂಪ. ಬೇರೆ ಬೇರೆ ವ್ಯಂಜನ ಸೇರಿದ ಒತ್ತಕ್ಷರವಾದರೆ ಶರಭ: ಸತ್ಯ, ನಿತ್ಯ. ಅದೇ ವ್ಯಂಜನ ಎರಡು ಸಲ ಬಂದರೆ ಹಯ. ನಮ್ಮ ಪದ್ಯದ್ದು ಹಯ. ಒಂದು ಸಾಲಿನಲ್ಲಿ ‘ಮನೆ’ ಇನ್ನೊಂದರಲ್ಲಿ ‘ಮಾನ’ ಬಂದರೆ ‘ನ’ ಒಂದೇ ಆದರೂ ಪ್ರಾಸ ಕೆಟ್ಟಿತು. ಸಿಂಹ, ಗಜ ಎರಡನ್ನೂ ಒಟ್ಟಿಗೆ ಕಟ್ಟಿದ ಹಾಗೆ.

ಪ್ರಾಸಕ್ಕೋಸ್ಕರ ಕವಿ ಏನು ತೆತ್ತರು ಅಂತಲೂ ಕೇಳಿ. ನಮ್ಮ ಆರನೆಯ ಸಾಲಿನ ಸಹಜ ಕ್ರಮ ‘ನಾವುಣುವ ನೆಮ್ಮದಿಯ ತುತ್ತಲಿ’. ‘ಮ್ಮ’ ಎರಡನೆಯ ಜಾಗಕ್ಕೆ ಬರಲೇಬೇಕಾದ್ದರಿಂದ ‘ನೆಮ್ಮದಿಯ’ ಮುಂದೆ ಹೋಯಿತು. ಇಲ್ಲಿ ಅದರಿಂದ ಲಾಭವೇ ಆಯಿತು, ನೆತ್ತರಿನ ಸಾಲಿಗೆ ಎದುರಾಗಿ ನೆಮ್ಮದಿಯ ಸಾಲು ನಿಂತಿತು. ಎಲ್ಲ ಸಲವೂ ಹೀಗಾಗುವುದಿಲ್ಲ. ಪ್ರಾಸ ತುಂಬಲು ಅರ್ಥವಿಲ್ಲದ ಪದ ತಂದಿದ್ದರೆ ಅದನ್ನೂ ಮರ್ಯಾದೆಯಿಂದಲೇ ಗುರುತು ಮಾಡಿ.

ಅಂತ್ಯಪ್ರಾಸ ಇರುವ ಪದ್ಯವಾದರೆ ಒಂದು ಎಚ್ಚರ. ಕನ್ನಡದಲ್ಲಿ ಕ್ರಿಯಾಪದ ಸಾಲಿನ ಕೊನೆಗೆ ಬರುತ್ತದೆ. ಹಾಗಾಗಿ ‘ಹಾಡಿದರು’, ‘ಕಲಿಸಿದರು’, ‘ಬೆಳೆಸಿದರು’ ಅಂತ ಬರೆದರೆ ಪ್ರಾಸ ತಾನಾಗೇ ಬಂದ ಹಾಗೆ ಕಾಣುತ್ತದೆ. ಅಲ್ಲಿ ಒಂದಾಗಿರುವುದು ಪ್ರತ್ಯಯ ಮಾತ್ರ. ಪ್ರತ್ಯಯವನ್ನು ಬೆರಳಿನಿಂದ ಮುಚ್ಚಿ ನೋಡಿ. ‘ಕಲಿಸಿ’, ‘ನಲಿಸಿ’, ‘ಒಲಿಸಿ’ ಅಂತ ಅದರ ಹಿಂದೆಯೂ ದನಿ ಸೇರಿದ್ದರೆ ಅದು ಗಟ್ಟಿ ಪ್ರಾಸ.

ನಮ್ಮ ಗಡಿ ಸೀಮೆಯಲ್ಲಿ ಇನ್ನೊಂದು ಸಂಗತಿ ಎದುರಾಗುತ್ತದೆ. ಬಾಗೇಪಲ್ಲಿ, ಚಿಂತಾಮಣಿ, ಮುಳಬಾಗಿಲು ಕಡೆ ಮನೆಮಾತು ತೆಲುಗು, ಶಾಲೆಯ ಮಾತು ಕನ್ನಡ ಆಗಿರುವವರು ಬಹಳ. ಕೈವಾರದ ತಾತಯ್ಯ ಎರಡೂ ಭಾಷೆಯಲ್ಲಿ ಹಾಡಿದವರು. ತೆಲುಗು ಪದ್ಯಕ್ಕೆ ಎರಡನೆಯ ಅಕ್ಷರದ ಪ್ರಾಸದ ಜೊತೆ ಯತಿ ಅಂತ ಒಂದು ನಿಯಮ ಇದೆ. ಸಾಲಿನ ಮೊದಲ ಅಕ್ಷರಕ್ಕೆ ಹೊಂದುವ ಅಕ್ಷರ ಸಾಲಿನ ನಡುವೆ ಗೊತ್ತಾದ ಜಾಗದಲ್ಲಿ ಮತ್ತೆ ಬರಬೇಕು. ಕನ್ನಡಕ್ಕೆ ಆ ಕಡ್ಡಾಯ ಇಲ್ಲ. ಆದರೆ ಈ ಕಡೆಯವರು ಬರೆದ ಕನ್ನಡ ಪದ್ಯದಲ್ಲಿ ಮೊದಲ ಅಕ್ಷರ ನಡುವೆ ಮತ್ತೆ ಮತ್ತೆ ಮರಳಿ ಬಂದರೆ ಅದನ್ನು ಆಕಸ್ಮಿಕ ಅಂತ ಬಿಡಬೇಡಿ. ಕಿವಿಯಲ್ಲಿ ತೆಲುಗು ಪದ್ಯ ಕೂತಿರಬಹುದು.

ಏಳನೆಯ ಹೆಜ್ಜೆ: ರೂಪ

ಇಷ್ಟಾದ ಮೇಲೆ ಹೆಸರಿಡುವುದು ಸುಲಭ. ಆರು ಸಾಲು, ಮೂರನೆಯದೂ ಆರನೆಯದೂ ಉದ್ದ, ಹಾಗಾದರೆ ಷಟ್ಪದಿ. ಅದರಲ್ಲಿ ಗಿಡ್ಡ ಸಾಲು ಎಷ್ಟು ಮಾತ್ರೆ ಅಂತ ನೋಡಿ. 8 ಇದ್ದರೆ ಶರ, 10 ಇದ್ದರೆ ಕುಸುಮ, 12 ಇದ್ದರೆ ಭೋಗ, 14 ಇದ್ದರೆ ಭಾಮಿನಿ, 16 ಇದ್ದರೆ ಪರಿವರ್ಧಿನಿ, 20 ಇದ್ದರೆ ವಾರ್ಧಕ. ಉದ್ದ ಸಾಲು ಗಿಡ್ಡ ಸಾಲಿನ ಒಂದೂವರೆಯಷ್ಟು, ಮೇಲೆ ಒಂದು ಗುರು. ಭಾಮಿನಿಗೆ ಒಟ್ಟು 102 ಮಾತ್ರೆ. ಎರಡೆರಡು ಸಾಲು ಜೋಡಿಯಾಗಿ ಎಷ್ಟು ದೂರ ಬೇಕಾದರೂ ಹೋದರೆ ರಗಳೆ. ಹದಿನಾಲ್ಕು ಸಾಲಾದರೆ ಸುನೀತ ಇರಬಹುದು. ಮಾಲೂರು ತಾಲ್ಲೂಕಿನ ಮಾಸ್ತಿಯವರು ಅದರಲ್ಲಿ ಬಹಳ ಬರೆದರು. ಸುನೀತದಲ್ಲಿ ಎಂಟು ಸಾಲಾದ ಮೇಲೆ ಮಾತು ತಿರುಗುತ್ತದಾ ನೋಡಿ.

ರೂಪ ಅಂದರೆ ಸಾಲಿನ ಲೆಕ್ಕ ಒಂದೇ ಅಲ್ಲ. ಸ್ಮರಣೆಯ ಪದ್ಯ ಯಾರ ಜೊತೆ ಮಾತಾಡುತ್ತಿದೆ ಅನ್ನುವುದೂ ರೂಪವೇ. ತೀರಿಹೋದವರನ್ನೇ ‘ನೀವು’ ಅಂತ ಕರೆಯುತ್ತಿದೆಯಾ, ಅವರ ಬಗ್ಗೆ ನಮಗೆ ಹೇಳುತ್ತಿದೆಯಾ, ಅಥವಾ ದಾರಿಹೋಕನನ್ನು ನಿಲ್ಲಿಸಿ ಮಾತಾಡಿಸುತ್ತಿದೆಯಾ? ವೀರಗಲ್ಲು ನೋಡಿದ್ದೀರಲ್ಲ. ಕೆಳಗಿನ ಅಂಕಣದಲ್ಲಿ ಹೋರಾಟ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಲಿಂಗದ ಮುಂದೆ ಅವನು ಕೂತಿರುವುದು. ಆಗಿದ್ದು, ಹೋಗಿದ್ದು, ಈಗ ಇರುವುದು. ಎಷ್ಟೋ ಸ್ಮರಣೆಯ ಪದ್ಯಗಳಲ್ಲಿ ಇದೇ ಮೂರು ಮೆಟ್ಟಿಲು ಸಿಗುತ್ತವೆ. ನಮ್ಮ ಪದ್ಯ ಇದನ್ನು ತಿರುಗಿಸಿದೆ. ಮೊದಲ ಮೂರು ಸಾಲು ಇವತ್ತಿನ ಅಂಗಳ, ಆಮೇಲಿನ ಎರಡು ಸಾಲು ಅವತ್ತಿನ ಜನ, ಕೊನೆಯ ಸಾಲು ಮತ್ತೆ ಇವತ್ತಿನ ಊಟದ ತಟ್ಟೆ.

ಛಂದಸ್ಸು ಬಿಟ್ಟ ಹೊಸ ಪದ್ಯವಾದರೆ ಮಾತ್ರೆಯ ಹಟ ಬೇಡ. ಸಾಲು ಎಲ್ಲಿ ಮುರಿದಿದೆ, ಯಾವ ಪದ ಮರಳಿ ಬರುತ್ತದೆ, ಎಲ್ಲಿ ಸಾಲು ಚಿಕ್ಕದಾಗುತ್ತದೆ, ಹೆಸರು ಎಷ್ಟನೆಯ ಸಾಲಿಗೆ ಬರುತ್ತದೆ, ಇಷ್ಟು ನೋಡಿ.

ಎಂಟನೆಯ ಹೆಜ್ಜೆ: ಲೆಕ್ಕವನ್ನು ಅರ್ಥಕ್ಕೆ ಕಟ್ಟುವುದು

‘ಇದು ಭಾಮಿನಿ, ಹಯಪ್ರಾಸ’ ಅಂತ ಬರೆದು ನಿಲ್ಲಿಸಿದರೆ ಕೆಲಸ ಅರ್ಧ. ಗುರು ಲಘುಗಳ ಸಾಲನ್ನೇ ಮತ್ತೊಮ್ಮೆ ನೋಡಿ. ಮೂರನೆಯ ಸಾಲಿನಲ್ಲಿ ‘ನೆತ್ತರನು’ ಪದದ ‘ತ್ತ’ದಿಂದ ‘ನಡುಗುತಿ’ಯವರೆಗೆ ಹನ್ನೆರಡು ಲಘು ಒಂದರ ಹಿಂದೆ ಒಂದು ಬಂದಿವೆ. ನಡುವೆ ಒಂದೂ ಗುರುವಿಲ್ಲ. ಗಟ್ಟಿಯಾಗಿ ಓದಿದರೆ ನಾಲಿಗೆಯೇ ಅರಳಿ ಎಲೆಯ ಹಾಗೆ ಪಟಪಟ ಅನ್ನುತ್ತದೆ. ಆಮೇಲೆ ‘ವೆ’ ಮೇಲೆ ಉಸಿರು ಎಳೆದು ನಿಲ್ಲುತ್ತದೆ. ಆರನೆಯ ಸಾಲಿನಲ್ಲಿ ಅದೇ 23 ಮಾತ್ರೆ ಇದ್ದರೂ ಗುರುಗಳು ಅಲ್ಲಲ್ಲಿ ಹರಡಿ ಕೂತಿವೆ, ನಡಿಗೆ ಸಮಾಧಾನದ್ದು.

ಕುಂದನ್ನೂ ಬರೆಯಿರಿ. ‘ಸುಮ್ಮನಿದ್ದರು’ ಅನ್ನುವುದು ನಿಜವಾಗಿ ‘ಸುಮ್ಮನಿದ್ದರೂ’ ಆಗಬೇಕು. ದೀರ್ಘ ಹಾಕಿದರೆ ಗಣ ಐದು ಮಾತ್ರೆ ಆಗುತ್ತದೆ, ಅದಕ್ಕೆ ಹ್ರಸ್ವ ಮಾಡಿದೆ. ಅವಸರದಲ್ಲಿ ಓದಿದವರು ಯಾರೋ ಸುಮ್ಮನೆ ಇದ್ದರು ಅಂತ ತಪ್ಪಾಗಿ ತಿಳಿಯಬಹುದು. ‘ಇದ್ದರು ಅರಳಿ’, ‘ತುತ್ತಲಿ ಅವರ’ ಎರಡೂ ಕಡೆ ಸಂಧಿ ಮಾಡದೆ ಬಿಟ್ಟಿದೆ. ಹಳಬರು ಇದನ್ನು ವಿಸಂಧಿ ದೋಷ ಅನ್ನುತ್ತಿದ್ದರು. ಈಗಿನ ಕಿವಿಗೆ ಅದು ಅಷ್ಟು ಚುಚ್ಚುವುದಿಲ್ಲ.

ಲಯ ಮುರಿದ ಜಾಗ ಕಂಡರೆ ಈ ಕ್ರಮದಲ್ಲಿ ಕೇಳಿಕೊಳ್ಳಿ. ಅಚ್ಚಿನ ತಪ್ಪಾ? ನನ್ನ ಎಣಿಕೆಯ ತಪ್ಪಾ? ಹೆಸರು ಅಥವಾ ಇಸವಿ ಅಲ್ಲಿ ಕೂತಿದೆಯಾ? ಈ ಮೂರೂ ಅಲ್ಲ ಅಂದರೆ ಮಾತ್ರ ಕವಿ ಬೇಕಂತ ಮುರಿದರು ಅನ್ನಿ.

ಪದ್ಯ ಇನ್ನೂ ಕಲ್ಲಿಗೆ ಹೋಗಿಲ್ಲ, ನಿಮ್ಮ ಕೈಗೆ ಪರೀಕ್ಷೆಗೆ ಬಂದಿದೆ ಅನ್ನಿ. ಆಗ ಸಾಲು ಮುರಿದು, ಗಣದ ಗೀಟಿಲ್ಲದೆ, ದೊಡ್ಡ ಅಕ್ಷರದಲ್ಲಿ ಒಂದು ಪ್ರತಿ ಬರೆದು ಕೆತ್ತುವವರಿಗೆ ಕೊಡಿ. ದೀರ್ಘ, ಒತ್ತು, ಸೊನ್ನೆ ಇರುವ ಕಡೆ ಕೆಂಪು ಪೆನ್ನಿನ ಗುರುತು ಹಾಕಿ. ‘ತುತ್ತಲಿ’ಯನ್ನು ‘ತುತ್ತಿನಲ್ಲಿ’ ಮಾಡಬೇಡಿ ಅಂತ ಬಾಯಲ್ಲೂ ಹೇಳಿ. ಭಾಮಿನಿಯಾದರೆ ಕಲ್ಲಿನ ಅಗಲವನ್ನು 14 ಮಾತ್ರೆಯ ಸಾಲು ನೋಡಿ ಅಳೆಯಬೇಡಿ, 23 ಮಾತ್ರೆಯ ಸಾಲು ಮುರಿಯದೆ ಹಿಡಿಯುವಷ್ಟು ಅಳೆಯಿರಿ. ಕಲ್ಲು ಚಿಕ್ಕದಾಗಿಬಿಟ್ಟಿದ್ದರೆ ಉದ್ದ ಸಾಲನ್ನು ಹದಿನಾಲ್ಕನೆಯ ಮಾತ್ರೆಯ ಹತ್ತಿರ, ‘ನೆತ್ತರನು ನೆನೆ’ ಆದ ಮೇಲೆ ಮುರಿಯಿಸಿ, ಉಳಿದದ್ದನ್ನು ಸ್ವಲ್ಪ ಒಳಕ್ಕೆ ಸರಿಸಿ ಕೆತ್ತಿಸಿ. ಅಲ್ಲಿ ಗಣ ಮುಗಿಯುತ್ತದೆ, ಓದುವವರ ಉಸಿರು ತಪ್ಪುವುದಿಲ್ಲ.